ಬಿರುಕು ಬಿಟ್ಟರೆ ಮಾಶಿಯದು

ಕಲ್ಕತ್ತೆಯ ಬಾಲಿಗಂಜಿನಲ್ಲಿ ‘ಮನೆಯಲ್ಲೇ ಮಾಡಿದ್ದು’ ಅಂದರೆ ಮನೆಯೊಡತಿ ಮಾಡಿದ್ದು ಅಂತ ಅರ್ಥ ಮಾಡಿಕೊಳ್ಳುವವರು ಊರಿಗೆ ಹೊಸಬರು. ಇಲ್ಲಿ ಮನೆ ಯಾರದೋ ಅಡುಗೆಯೂ ಅವರದೇ. ತಾಜಮಹಲನ್ನು ಷಹಜಹಾನ್ ಕಟ್ಟಿದ ಅಂತ ಬರೆದು ಪರೀಕ್ಷೆ ಪಾಸು ಮಾಡಿದವರು ನಾವು. ಚೀಸ್‌ಕೇಕನ್ನು ಕಾಕಿಮಾ ಮಾಡಿದರು ಅಂದರೆ ತಕರಾರು ತೆಗೆಯಲು ನಮಗೆ ಯಾವ ಹಕ್ಕಿದೆ?

ಕಾಕಿಮಾ ನಮ್ಮ ಕಟ್ಟಡದ ಮೂರನೇ ಮಹಡಿಯವರು. 2025ರ ಜೂನ್ 1, ಭಾನುವಾರ, ಅವರ ಮನೆಯಲ್ಲಿ ಜಾಮಾಯಿ ಷಷ್ಠಿ. ನಮ್ಮಲ್ಲಿ ಅಳಿಯನಿಗೆ ಮೊದಲ ದೀಪಾವಳಿಯಂದು ಎಣ್ಣೆಸ್ನಾನ, ಹೊಸ ಬಟ್ಟೆ, ಉಂಗುರ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಬಂಗಾಳಿಗಳು ಹಾಗಲ್ಲ. ಪ್ರತಿ ವರ್ಷ ಜ್ಯೇಷ್ಠ ಶುದ್ಧ ಷಷ್ಠಿಯಂದು ಅಳಿಯನನ್ನು ಕರೆದು, ಕೈಗೆ ಹಳದಿ ದಾರ ಕಟ್ಟಿ, ತಾಳೆಗರಿ ಬೀಸಣಿಗೆಯಲ್ಲಿ ಗಾಳಿ ಬೀಸಿ, ಅವನು ಉಸಿರಾಡಲು ಕಷ್ಟಪಡುವಷ್ಟು ಬಡಿಸುತ್ತಾರೆ. ಇಲಿಷ್ ಮೀನು, ಸಿಗಡಿ, ಕೋಶಾ ಮಾಂಗ್ಶೊ ಎಂಬ ಮಾಂಸದಡುಗೆ, ಮಾವು, ಲಿಚಿ, ಕೊನೆಗೆ ಮಿಷ್ಟಿ ದೊಯ್ ಮತ್ತು ಸಂದೇಶ್. ಆ ವಾರ ಮಿಠಾಯಿ ಅಂಗಡಿಗಳ ಮುಂದೆ ನಿಲ್ಲುವ ಸಾಲು ನೋಡಿದರೆ ರೇಷನ್ ಕಾಲ ನೆನಪಾಗುತ್ತದೆ.

ಕಾಕಿಮಾರ ಅಳಿಯ ನ್ಯೂಯಾರ್ಕಿನವನು. ಅಂದರೆ ಹುಟ್ಟಿದ್ದು ಇಲ್ಲೇ ಬೆಹಾಲಾದಲ್ಲಿ, ಸಂಬಳ ನ್ಯೂಯಾರ್ಕಿನಲ್ಲಿ. ಅಲ್ಲಿ ಅವನ ಆಫೀಸಿನ ಯಹೂದಿ ಗೆಳೆಯರು ಶಾವುವೋತ್ ಎಂಬ ಹಬ್ಬಕ್ಕೆ ಚೀಸ್‌ಕೇಕ್ ತಿನ್ನಿಸಿದ್ದಾರೆ, ಅವನು ಅದನ್ನು ಹೊಗಳಿದ್ದಾನೆ, ಮಗಳು ಅದನ್ನು ಫೋನಿನಲ್ಲಿ ತಾಯಿಗೆ ಹೇಳಿದ್ದಾಳೆ. ಸಾಲದ್ದಕ್ಕೆ ಆ ವರ್ಷ ಶಾವುವೋತ್ ಶುರುವಾಗುವುದೂ ಜೂನ್ 1ರ ಸೂರ್ಯಾಸ್ತಕ್ಕೇ. ಇದು ಬರೀ ಕಾಕತಾಳೀಯವೂ ಅಲ್ಲ. ಯಹೂದಿಗಳ ಪಂಚಾಂಗವೂ ಚಂದ್ರನನ್ನೇ ನಂಬಿದೆ, ನಮ್ಮದರ ಹಾಗೆ ಆಗಾಗ ಅಧಿಕಮಾಸ ಸೇರಿಸುತ್ತದೆ. ಶಾವುವೋತ್ ಬರುವುದು ಸಿವಾನ್ ಮಾಸದ ಆರನೆಯ ದಿನ, ಜಾಮಾಯಿ ಷಷ್ಠಿ ಬರುವುದು ಜ್ಯೇಷ್ಠದ ಆರನೆಯ ದಿನ. ಎರಡೂ ಅಧಿಕಮಾಸಗಳು ಜಗಳವಾಡದ ವರ್ಷಗಳಲ್ಲಿ ಮೋಶೆಗೆ ಹತ್ತು ಆಜ್ಞೆ ಸಿಕ್ಕ ದಿನವೂ ಬಂಗಾಳದ ಅಳಿಯನಿಗೆ ಮಾವಿನಹಣ್ಣು ಸಿಗುವ ದಿನವೂ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತವೆ. 2024ರಲ್ಲೂ ಹಾಗೇ ಆಗಿತ್ತು. ಕಾಕಿಮಾಗೆ ಇದು ದೈವಸಂಕಲ್ಪದಂತೆ ಕಂಡಿತು. ಅಳಿಯ ಒಬ್ಬನೇ, ಹಬ್ಬ ಎರಡು.

ಈಗ ಪ್ರಶ್ನೆ ಎದ್ದಿತು. ಮಾಡುವುದೋ, ಕೊಳ್ಳುವುದೋ?

ಕೊಳ್ಳುವ ಪಕ್ಷಕ್ಕೆ ಕಟ್ಟಡದಲ್ಲಿ ಒಳ್ಳೆ ಬಹುಮತವಿತ್ತು. ಬಾಲಿಗಂಜ್ ಅಂದರೆ ಕೊಳ್ಳುವವರ ಪಾಡಾ, ನಮ್ಮ ಮಾತಿನಲ್ಲಿ ಬಡಾವಣೆ. ಗರಿಯಾಹಾಟ್ ಮಾರುಕಟ್ಟೆ ಇರುವುದೇ ಅದಕ್ಕೆ. ಇನ್ನೊಂದು ಗುಟ್ಟು: ಬಂಗಾಳಿಗಳು ಸಿಹಿಯನ್ನು ಮನೆಯಲ್ಲಿ ಮಾಡುವುದು ಕಡಿಮೆ. ಸಂಕ್ರಾಂತಿಗೆ ಪೀಠೆ, ಹುಟ್ಟುಹಬ್ಬಕ್ಕೆ ಪಾಯೇಶ್, ನಾಡು ಅಂತ ತೆಂಗಿನಕಾಯಿ ಉಂಡೆ, ಅಲ್ಲಿಗೆ ಮುಗಿಯಿತು. ಸಂದೇಶ್, ರಸಗುಲ್ಲಾಗಳನ್ನು ಮಾತ್ರ ತಲೆಮಾರುಗಳಿಂದ ಅಂಗಡಿಗೇ ಬಿಟ್ಟಿದ್ದಾರೆ. ಬೌಬಜಾರಿನ ಭೀಮ್ ನಾಗ್, ಬಾಗ್‌ಬಜಾರಿನಲ್ಲಿ 1868ರ ಸುಮಾರಿಗೆ ರಸಗುಲ್ಲಾ ಉರುಳಿಸಿದ ನೊಬಿನ್ ಚಂದ್ರ ದಾಸ್, ಭವಾನಿಪುರದ ಬಲರಾಮ್ ಮಲ್ಲಿಕ್, ಇವರೆಲ್ಲ ಇರುವಾಗ ಮನೆಯಲ್ಲಿ ಹಾಲು ಒಡೆಸಿ ಛಾನಾ ನಾದುತ್ತ ಕೂರುವವರು ಯಾರು? ಒಬ್ಬಟ್ಟು ಮನೆಯದಲ್ಲದಿದ್ದರೆ ಹಬ್ಬವೇ ಅಲ್ಲ ಅನ್ನುವ ನಮ್ಮವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಾವೂ ನಗುವ ಸ್ಥಿತಿಯಲ್ಲೇನೂ ಇಲ್ಲ. ಮಲ್ಲೇಶ್ವರದಲ್ಲಿ ಕಾಂಡಿಮೆಂಟ್ಸ್ ಅಂಗಡಿಯ ಚಕ್ಕುಲಿಯನ್ನು ಸ್ಟೀಲ್ ಡಬ್ಬಿಗೆ ಸುರಿದ ಮೇಲೆ ಅದು ಮನೆಯದೇ. ಅಂಗಡಿಯ ಪ್ಲಾಸ್ಟಿಕ್ ಕವರನ್ನು ಕತ್ತಲಾದ ಮೇಲೆ ಕಸಕ್ಕೆ ಹಾಕುವ ಒಂದು ಶಿಷ್ಟಾಚಾರವನ್ನಾದರೂ ನಾವು ಉಳಿಸಿಕೊಂಡಿದ್ದೇವೆ.

ಬಂಗಾಳಿಗಳ ಈ ಅಂಗಡಿ-ನಿಷ್ಠೆಯನ್ನು ಒಂದು ಸರ್ಕಾರ ಪರೀಕ್ಷಿಸಿಯೂ ನೋಡಿತ್ತು. 1965ರಲ್ಲಿ ಹಾಲಿಗೆ ಬರ. ಮುಖ್ಯಮಂತ್ರಿ ಪ್ರಫುಲ್ಲ ಚಂದ್ರ ಸೇನ್ ಅವರು, ಹಾಲು ಮಕ್ಕಳಿಗಿರಲಿ ಎಂದು, ಛಾನಾದ ಸಿಹಿತಿಂಡಿ ಮಾಡುವುದಕ್ಕೇ ನಿಷೇಧ ಹೇರಿದರು. ಗಾಂಧೀವಾದಿ ಮನುಷ್ಯ, ಉದ್ದೇಶ ಒಳ್ಳೆಯದು. ಆದರೆ ಸಂದೇಶ್ ಇಲ್ಲದೆ ಹೆಣ್ಣು ಒಪ್ಪಿಸಿಕೊಡುವುದು ಹೇಗೆ? ಮರುವರ್ಷ ಅಕ್ಕಿಯೂ ಸಿಗದೆ ಜನ ಬೀದಿಗಿಳಿದಾಗ ಬಾಳೆಕಾಯಿ ತಿನ್ನಿ ಅಂದವರೂ ಅವರೇ. 1967ರ ಚುನಾವಣೆಯಲ್ಲಿ ಸರ್ಕಾರ ಹೋಯಿತು, ಆರಾಮ್‌ಬಾಗ್‌ನಲ್ಲಿ ಸ್ವತಃ ಅವರೂ ಸೋತರು. ಸೋಲಿಗೆ ಅಕ್ಕಿ ಕಾರಣ ಅಂತ ಇತಿಹಾಸಕಾರರು ಬರೆದಿದ್ದಾರೆ. ನಮ್ಮ ಪಾಡಾದ ಮುದುಕರನ್ನು ಕೇಳಿದರೆ ಕಾರಣ ಸಂದೇಶ್.

ಇಂಥ ಊರಿನಲ್ಲಿ ಕಾಕಿಮಾ ಏಕಾಏಕಿ ‘ಮನೆಯಲ್ಲೇ ಮಾಡೋಣ’ ಅಂದರು. ಅಂಗಡಿಯ ಸಂದೇಶ್ ತಂದಿಟ್ಟರೆ ಮರ್ಯಾದೆ, ಅಂಗಡಿಯ ಚೀಸ್‌ಕೇಕ್ ತಂದಿಟ್ಟರೆ ಅವಮಾನ. ಈ ತರ್ಕ ನನಗೆ ಬಹಳ ದಿನ ಹತ್ತಲಿಲ್ಲ. ನಮ್ಮದೇ ತಿಂಡಿಯನ್ನು ಕೊಂಡರೆ ಸಂಪ್ರದಾಯ, ಬೇರೆಯವರದನ್ನು ಮಾಡಿದರೆ ಸಂಸ್ಕೃತಿ!

ಬೇರೆಯವರು ಅಂದೆನಲ್ಲ. ಆ ಬೇರೆಯವರು ಕಲ್ಕತ್ತೆಯಲ್ಲೇ ಇದ್ದವರು. 1798ರಲ್ಲಿ ಅಲೆಪ್ಪೊ ಪಟ್ಟಣದ ಶಾಲೋಮ್ ಕೊಹೆನ್ ಸೂರತ್ ಹಾದು ಇಲ್ಲಿಗೆ ಬಂದ. ಅವನ ಹಿಂದೆ ಬಾಗ್ದಾದಿನಿಂದ, ಬಸ್ರಾದಿಂದ ಯಹೂದಿ ವ್ಯಾಪಾರಿಗಳು ಬಂದರು. ನೀಲಿ, ರೇಷ್ಮೆ, ಅಫೀಮು ಮಾರಿದರು, ಊರಿನ ಅರ್ಧ ಸೊಗಸಾದ ಕಟ್ಟಡಗಳನ್ನು ಕಟ್ಟಿಸಿದರು. 1856ರಲ್ಲಿ ಬೆತ್ ಎಲ್, 1884ರಲ್ಲಿ ಮಾಗೆನ್ ಡೇವಿಡ್ ಸಿನಗಾಗ್ ಎದ್ದವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಇವರು ಕೆಲವು ಸಾವಿರ ಜನ. ಆಮೇಲೆ ಲಂಡನ್, ಇಸ್ರೇಲ್, ಆಸ್ಟ್ರೇಲಿಯ ಅಂತ ಹೊರಟೇ ಹೋದರು. ಈಗ ಉಳಿದವರನ್ನು ಎಣಿಸಲು ಕೈಕಾಲಿನ ಬೆರಳುಗಳು ಸಾಕು. ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರೂ ಕೂಡುವುದಿಲ್ಲ. ಸಿನಗಾಗುಗಳನ್ನು ಗುಡಿಸಿ ಒರೆಸಿ ಕಾಯುತ್ತಿರುವವರು ಮುಸ್ಲಿಮರು. 1881ರಲ್ಲಿ ಶುರುವಾದ ಯಹೂದಿ ಹೆಣ್ಣುಮಕ್ಕಳ ಶಾಲೆ ಇವತ್ತೂ ಪಾರ್ಕ್ ಸ್ಟ್ರೀಟಿನಲ್ಲಿ ನಡೆಯುತ್ತಿದೆ, ಓದುವ ಹುಡುಗಿಯರಲ್ಲಿ ಹೆಚ್ಚಿನವರು ಮುಸ್ಲಿಮರು. ಊರು ಹಬ್ಬವನ್ನು ಉಳಿಸಿಕೊಂಡಿದೆ, ಮಾಡುವವರನ್ನಲ್ಲ.

ಮತ್ತು ಈ ಕಲ್ಕತ್ತೆಯ ಯಹೂದಿಗಳಿಗೂ ಚೀಸ್‌ಕೇಕಿಗೂ ಅಂಥ ನಂಟೇ ಇಲ್ಲ. ಅದು ಪೂರ್ವ ಯುರೋಪಿನ ಯಹೂದಿಗಳು ಅಮೆರಿಕಕ್ಕೆ ಹೊತ್ತೊಯ್ದ ಕಡುಬು. ಅಲ್ಲಿ 1872ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬ ಊರಿನಲ್ಲಿ ವಿಲಿಯಂ ಲಾರೆನ್ಸ್ ಎಂಬ ಹಾಲಿನ ವ್ಯಾಪಾರಿ ಕ್ರೀಮ್ ಚೀಸ್ ತೆಗೆದ. 1880ರಲ್ಲಿ ಅದಕ್ಕೆ ಫಿಲಡೆಲ್ಫಿಯ ಅಂತ ಹೆಸರಿಟ್ಟರು, ಯಾಕೆಂದರೆ ಆ ಊರಿನ ಹಾಲು-ಬೆಣ್ಣೆಗೆ ಒಳ್ಳೆ ಹೆಸರಿತ್ತು. ಮಾಡಿದ್ದು ಒಂದೂರಲ್ಲಿ, ಹೆಸರು ಇನ್ನೊಂದೂರಿನದು. ‘ಮನೆಯಲ್ಲೇ ಮಾಡಿದ್ದು’ ಎಂಬ ಮಾತಿನ ಕುಲದೈವ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ಆ ಡಬ್ಬಿ ತೋರಿಸಬಹುದು. ಬಾಗ್ದಾದಿ ಯಹೂದಿಗಳಿಗೆ ಶಾವುವೋತ್ ಯಾತ್ರೆಯ ಹಬ್ಬ; ಇರಾಕಿನಲ್ಲಿ ಪ್ರವಾದಿಗಳ ಸಮಾಧಿಗಳಿಗೆ ಹೋಗಿಬರುತ್ತಿದ್ದರು. ಹಾಲಿನ ಅಡುಗೆ ಅಂದರೆ ಅವರಿಗೆ ಚೀಸ್ ತುಂಬಿದ ಸಂಬೂಸಕ್. ನಮ್ಮ ಸಮೋಸಾದ ದೊಡ್ಡಪ್ಪನ ಮಗ.

ಆ ಸಂಬೂಸಕ್ ಇವತ್ತಿಗೂ ನ್ಯೂ ಮಾರ್ಕೆಟ್ಟಿನ ನಾಹೂಮ್ ಅಂಗಡಿಯಲ್ಲಿ ಸಿಗುತ್ತದೆ. 1902ರಲ್ಲಿ ಬಾಗ್ದಾದಿನ ನಾಹೂಮ್ ಇಸ್ರೇಲ್ ಮೊರ್ದೆಕಾಯ್ ಕಟ್ಟಿದ ವ್ಯಾಪಾರ ಅದು. ಮೊದಲು ಮನೆಮನೆಗೆ ಹೊತ್ತು ಮಾರುತ್ತಿದ್ದರಂತೆ, 1916ರಲ್ಲಿ ಈಗಿನ ಜಾಗಕ್ಕೆ ಬಂದರು. ತೇಗದ ಕಪಾಟು, ಹಳೆ ಗಾಜು, ಡಿಸೆಂಬರಿನಲ್ಲಿ ಪ್ಲಮ್ ಕೇಕಿಗೆ ಮೈಲುದ್ದದ ಸಾಲು. ವರ್ಷಗಟ್ಟಲೆ ಗಲ್ಲಾದಲ್ಲಿ ಕೂತಿದ್ದ ಡೇವಿಡ್ ನಾಹೂಮ್ 2013ರಲ್ಲಿ ತೀರಿಕೊಂಡರು. ಯಹೂದಿಯ ಅಂಗಡಿಯಲ್ಲಿ ಮುಸ್ಲಿಮರು ಸುಟ್ಟ ಕೇಕನ್ನು ಕ್ರಿಸ್ತನ ಹುಟ್ಟುಹಬ್ಬಕ್ಕೆ ಹಿಂದೂಗಳು ಸಾಲಿನಲ್ಲಿ ನಿಂತು ಕೊಳ್ಳುವ ಊರು ಇದು. ಅದಕ್ಕೇ ನಾನು ಕಾಕಿಮಾಗೆ ಹೇಳಿದೆ: ‘ಶಾವುವೋತ್ ಮಾಡೋದೇ ಆದ್ರೆ ನಾಹೂಮ್‌ನಿಂದ ಚೀಸ್ ಸಂಬೂಸಾ ತರಿಸಿಬಿಡಿ. ಈ ಊರಿನ ಯಹೂದಿಗಳು ನೂರು ವರ್ಷದಿಂದ ಕೊಂಡು ತಿಂದದ್ದು ಅದನ್ನೇ.’

ಕಾಕಿಮಾ ನನ್ನನ್ನು ಕರುಣೆಯಿಂದ ನೋಡಿದರು. ‘ಅದನ್ನ ಎಲ್ಲರೂ ತರ್ತಾರಲ್ವಾ?’

ಸರಿ, ಮನೆಯಲ್ಲೇ ಮಾಡುವುದು ಅಂತಾಯಿತು. ಮಾಡುವುದು ಅಂದರೇನು ಅಂತ ಸ್ವಲ್ಪ ಬಿಡಿಸಿ ನೋಡೋಣ. ತಳಕ್ಕೆ ಬಿಸ್ಕತ್ತು ಬೇಕು. ಕೊಂಡಿದ್ದು. ಬಿಸ್ಕತ್ತಿನ ಕಥೆಯೂ ಈ ಊರಿನದೇ: ಬ್ರಿಟಾನಿಯ 1892ರಲ್ಲಿ 295 ರೂಪಾಯಿ ಬಂಡವಾಳದಲ್ಲಿ ಶುರುವಾದದ್ದು ಇಲ್ಲಿ, ಈಗ ಅದರ ದೊಡ್ಡ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ, ತಾರಾತಲಾದ ಹಳೆ ಕಾರ್ಖಾನೆ 2024ರಲ್ಲಿ ಒಲೆ ಆರಿಸಿತು. ಆ ಬಿಸ್ಕತ್ತನ್ನು ಪುಡಿ ಮಾಡಿ ಬೆಣ್ಣೆ ಕಲಸಿ ಟಿನ್ನಿನ ತಳಕ್ಕೆ ಒತ್ತಬೇಕು. ಯಾರೋ ಬೇಯಿಸಿದ್ದನ್ನು ಒಡೆದು ಮತ್ತೆ ಕೂಡಿಸುವುದಕ್ಕೆ ‘ಬೇಸ್ ಮಾಡೋದು’ ಅನ್ನುತ್ತಾರೆ. ಮೇಲೆ ಹಾಕುವ ಕ್ರೀಮ್ ಚೀಸ್ ಕೊಂಡಿದ್ದು, ಸಾವರ್ ಕ್ರೀಮ್ ಕೊಂಡಿದ್ದು, ವೆನಿಲಾ ಕೊಂಡಿದ್ದು, ಬದಿ ಬಿಚ್ಚುವ ಟಿನ್ನು ಕೊಂಡಿದ್ದು. ಕ್ರೀಮ್ ಚೀಸಿನ ಬಿಲ್ಲೊಂದೇ ಮಾಶಿಯ ಒಂದು ವಾರದ ಸಂಬಳಕ್ಕಿಂತ ಜಾಸ್ತಿ ಇತ್ತು. ಲೆಕ್ಕ ಹಾಕಿದರೆ ಅದೇ ಪಾಡಾದ ಕೆಫೆಯಲ್ಲಿ ಇಡೀ ಕೇಕ್ ತಂದು, ಮಿಕ್ಕ ದುಡ್ಡಿನಲ್ಲಿ ಮಾಶಿಗೊಂದು ಸೀರೆಯೂ ಆಗುತ್ತಿತ್ತು.

ಮಾಶಿ ಅಂದರೆ ಮೂರನೇ ಮಹಡಿಯ ಅಡುಗೆಯಾಕೆ. ಬೆಳಿಗ್ಗೆ ಕ್ಯಾನಿಂಗ್ ಲೋಕಲ್ ಹಿಡಿದು ಬಾಲಿಗಂಜ್ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ. ಆ ಗಾಡಿಗೆ ‘ಝೀ ಲೋಕಲ್’ ಅಂತಲೇ ಊರಿನವರ ಅಡ್ಡಹೆಸರು, ಕೆಲಸದವರ ಗಾಡಿ ಅಂತ. ದಕ್ಷಿಣ ಕಲ್ಕತ್ತೆಯ ಅಡುಗೆಮನೆಗಳು ಹೊತ್ತಿಕೊಳ್ಳುವುದು ಆ ಗಾಡಿ ಸಕಾಲಕ್ಕೆ ಬಂದರೆ ಮಾತ್ರ. ಗಾಡಿ ತಡವಾದ ದಿನ ಸ್ವಿಗ್ಗಿ ಹುಡುಗರಿಗೆ ಹಬ್ಬ. ಲಾರ್ಡ್ ಕ್ಯಾನಿಂಗ್ ಹೆಸರಿನಲ್ಲಿ ಒಂದು ಊರೂ ಅದರ ರೈಲು ನಿಲ್ದಾಣವೂ ಉಳಿದವು, ಅವನ ಹೆಂಡತಿಯ ಹೆಸರಿನಲ್ಲಿ ಲೇಡಿಕೆನಿ ಎಂಬ ಸಿಹಿ ಉಳಿಯಿತು. ಗಂಡನ ಹೆಸರಿನ ಊರಿನಿಂದ ಬಂದವರು ಹೆಂಡತಿಯ ಹೆಸರಿನ ಸಿಹಿಯನ್ನು ತಟ್ಟೆಗೆ ಹಾಕಿ ಬಾಲಿಗಂಜಿನ ಅತಿಥಿಗಳ ಮುಂದೆ ಇಡುತ್ತಾರೆ. ಸಾಮ್ರಾಜ್ಯ ಹೋದರೂ ಅದರ ವ್ಯವಸ್ಥೆ ಅಚ್ಚುಕಟ್ಟು.

ಹಬ್ಬದ ಹಿಂದಿನ ದಿನ ಪಾತ್ರೆ ವಾಪಸ್ ಕೊಡಲು ಹೋದವಳು ನಾನು ಅಲ್ಲೇ ನಿಂತುಬಿಟ್ಟೆ. ಕಾಕಿಮಾರ ಮಾಡ್ಯುಲರ್ ಕಿಚನ್ನಿನಲ್ಲಿ ಗೋಡೆಗೇ ಕೂರಿಸಿದ ಓವನ್ ಇದೆ. ಮಾಶಿ ಅದರ ಬಾಗಿಲು ತೆಗೆದು ಒಂದೊಂದಾಗಿ ಒಳಗಿನಿಂದ ಬಾಣಲೆ, ತವಾ, ಒಂದು ಹಳೆ ಕುಕ್ಕರಿನ ಮುಚ್ಚಳ ಹೊರಗಿಟ್ಟಳು. ಕೊನೆಗೆ ಪ್ಲಾಸ್ಟಿಕ್ ಚೀಲದಲ್ಲೇ ಇದ್ದ ಓವನ್ನಿನ ಕೈಪಿಡಿ ಬಂತು. ಕಾಕಿಮಾ ಊಟದ ಮೇಜಿನ ಕುರ್ಚಿಯಲ್ಲಿ ಕೂತು ಫೋನಿನಿಂದ ಓದುತ್ತಿದ್ದರು: ‘ಕ್ರೀಮ್ ಚೀಸ್ ಕೋಣೆಯ ಉಷ್ಣಾಂಶಕ್ಕೆ ಬರಲಿ.’ ಬೇಸಿಗೆಯ ಕಲ್ಕತ್ತೆಯಲ್ಲಿ ಕೋಣೆಯ ಉಷ್ಣಾಂಶ ಅಂದರೆ ಚೀಸ್ ಬರುವುದಲ್ಲ, ಹರಿದು ಹೋಗುವುದು. ಮಾಶಿ ಎ.ಸಿ. ಇರುವ ಕೋಣೆಗೆ ಕೊಂಡೊಯ್ದು ಅಳಿಯನಿಗಾಗಿ ಹಾಸಿದ್ದ ಹಾಸಿಗೆಯ ಮೇಲೆ ಅದನ್ನಿಟ್ಟಳು. ಮೊದಲ ಸತ್ಕಾರ ಡಬ್ಬಿಗೇ ಆಯಿತು.

ಟಿನ್ನಿನ ಬದಿಯಿಂದ ನೀರು ನುಗ್ಗದಂತೆ ಹೊರಗೆ ಫಾಯಿಲ್ ಸುತ್ತಿ, ಬಿಸಿನೀರಿನ ತಟ್ಟೆಯಲ್ಲಿ ಕೂರಿಸಿ, ಹದವಾದ ಶಾಖದಲ್ಲಿ ಬೇಯಿಸಬೇಕು. ಶಾಖ ಹೆಚ್ಚಾದರೆ ಮೊಟ್ಟೆ ಬಿಗಿದುಕೊಳ್ಳುತ್ತದೆ, ಆರುವಾಗ ಅಂಚು ಟಿನ್ನನ್ನು ಹಿಡಿದುಕೊಂಡಿರುತ್ತದೆ, ನಡು ಕುಗ್ಗುತ್ತದೆ, ಮೇಲೆ ಬಿರುಕು. ಆದ್ದರಿಂದ ಬೆಂದಮೇಲೂ ಓವನ್ನಿನ ಬಾಗಿಲು ಓರೆ ಮಾಡಿ ಒಳಗೇ ಆರಲು ಬಿಡಬೇಕು. ಫೋನಿನಲ್ಲಿದ್ದ ಅಮೆರಿಕದ ಹೆಂಗಸು ನಡುಭಾಗ ‘ಸ್ವಲ್ಪ ಅಲುಗಾಡಬೇಕು’ ಅಂತ ಹೇಳಿ, ಎಷ್ಟು ಸ್ವಲ್ಪ ಅನ್ನುವುದಕ್ಕೆ ಆರು ನಿಮಿಷದ ವಿಡಿಯೋ ಮಾಡಿದ್ದಳು. ಕಾಕಿಮಾ ಅದನ್ನು ಮತ್ತೆ ಹಿಂದಕ್ಕೆ ಓಡಿಸಿ ನೋಡುತ್ತಿದ್ದಾಗ ಮಾಶಿ ಸೆರಗಿನಿಂದ ಟಿನ್ನಿನ ಅಂಚು ಹಿಡಿದು ಒಮ್ಮೆ ಮೆಲ್ಲಗೆ ತಟ್ಟಿದಳು. ಅಂಚು ಕದಲಲಿಲ್ಲ, ನಡುವೆ ಅಂಗೈಯಗಲದಷ್ಟು ಥರಥರ ಅಂದಿತು. ‘ಆಯ್ತು,’ ಅಂದು ಒಲೆ ಆರಿಸಿದಳು. ‘ಭಾಪಾ ದೊಯ್ ಇದ್ದಂಗೇ ಇದೆ ಕಾಕಿಮಾ. ಬಿಸ್ಕತ್ತಿನ ಮೇಲೆ ಕೂತಿದೆ, ಅಷ್ಟೇ.’

ಇದಕ್ಕಿಂತ ಚಿಕ್ಕದಾಗಿ ಚೀಸ್‌ಕೇಕಿನ ವಿಮರ್ಶೆಯನ್ನು ನಾನು ಕೇಳಿಲ್ಲ. ಭಾಪಾ ದೊಯ್ ಅಂದರೆ ನೀರು ಬಸಿದ ಮೊಸರಿಗೆ ಗಟ್ಟಿಹಾಲು ಸೇರಿಸಿ ಹಬೆಯಲ್ಲಿ ಬೇಯಿಸಿದ್ದು. ಪಕ್ಕದ ಒಡಿಶಾದಲ್ಲಿ ಛೇನಾಪೋಡಾ ಇದೆ. ಛೇನಾಕ್ಕೆ ಸಕ್ಕರೆ ಹಾಕಿ ಎಲೆಯಲ್ಲಿ ಸುತ್ತಿ ಕೆಂಡದಲ್ಲಿ ಸುಟ್ಟದ್ದು. ಇಂಗ್ಲಿಷ್ ಪತ್ರಿಕೆಗಳು ಅದನ್ನು ‘ಭಾರತದ ಚೀಸ್‌ಕೇಕ್’ ಅಂತ ಹೊಗಳುತ್ತವೆ. ನಯಾಗಢದ ಯಾವ ಮಿಠಾಯಿಗಾರನೂ ಚೀಸ್‌ಕೇಕನ್ನು ‘ಅಮೆರಿಕದ ಛೇನಾಪೋಡಾ’ ಅಂದಿದ್ದು ವರದಿಯಾಗಿಲ್ಲ.

ಅಮ್ಮನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ಅಮ್ಮ ಶಿವಮೊಗ್ಗದವಳು. ಹಾಲು ಉಕ್ಕಿದರೆ ಗೃಹಪ್ರವೇಶ, ಒಡೆದರೆ ಅಪಶಕುನ ಅನ್ನುವ ಜಾತಿ.

‘ಒಳ್ಳೆ ಹಾಲನ್ನ ಬೇಕು ಅಂತ್ಲೇ ಒಡೆಸ್ತಾರೇನೇ?’

‘ಈ ಊರಿಗೆ ಊರೇ ಅದರ ಮೇಲೆ ನಿಂತಿದೆ ಕಣಮ್ಮ.’

‘ಅದಕ್ಕೇ ಆ ಊರು ಹಂಗಾಗಿದೆ,’ ಅಂದು ಫೋನಿಟ್ಟಳು.

ಅಮ್ಮನ ಮಾತಿಗೆ ಪಂಡಿತರ ಬೆಂಬಲವೂ ಇದೆ. ಕೊಳ್ಳೇಗಾಲದಲ್ಲಿ ಹುಟ್ಟಿ, ಭಾರತದ ಊಟದ ಇತಿಹಾಸವನ್ನೇ ಬರೆದ ಕೆ.ಟಿ. ಅಚ್ಚಯ್ಯ ಅವರು, ಹಾಲು ಒಡೆಸಬಾರದೆಂಬ ಹಳೆಯ ಕಟ್ಟನ್ನು ಬಂಗಾಳದಲ್ಲಿ ಸಡಿಲಿಸಿದವರು ಪೋರ್ಚುಗೀಸರು ಅಂತ ಬರೆದರು. ಹೂಗ್ಲಿ ದಂಡೆಯಲ್ಲಿ ನೆಲೆನಿಂತ ಪೋರ್ಚುಗೀಸರಿಗೆ ಚೀಸ್ ಬೇಕಿತ್ತು, ಬಂಗಾಳದ ಮೋಯ್ರಾಗಳಿಗೆ, ಅಂದರೆ ಮಿಠಾಯಿಗಾರರಿಗೆ, ಹೊಸ ಸರಕು ಬೇಕಿತ್ತು. ಕೆಲವರು ಇದನ್ನು ಒಪ್ಪುವುದಿಲ್ಲ. ರಸಗುಲ್ಲಾದ ಹುಟ್ಟೂರಿಗಾಗಿ ಬಂಗಾಳ-ಒಡಿಶಾ ಕಾದಾಡಿ 2017ರಲ್ಲಿ ಇವರೂ 2019ರಲ್ಲಿ ಅವರೂ ಬೇರೆಬೇರೆ ಜಿಐ ಗುರುತು ಪಡೆದುಕೊಂಡ ದೇಶದಲ್ಲಿ ಪೋರ್ಚುಗೀಸರಿಗೆ ಪಾಲು ಕೊಡುವವರು ಯಾರು?

ಹಬ್ಬದ ದಿನ ಮೇಜಿನ ಮೇಲೆ ಶಾವುವೋತ್ ಹೇಗಿತ್ತು ಅಂದರೆ: ಮೊದಲು ಸಿಗಡಿಯ ಮಲಾಯಿಕಾರಿ. ಸಿಗಡಿ ಯಹೂದಿಗಳಿಗೆ ನಿಷಿದ್ಧ. ಆಮೇಲೆ ಮೊಸರಿನಲ್ಲಿ ನೆನೆಸಿದ ಕೋಶಾ ಮಾಂಗ್ಶೊ. ಮಾಂಸಕ್ಕೆ ಹಾಲು-ಮೊಸರು ಸೋಕಬಾರದು ಅನ್ನುವುದು ಅವರ ಅಡುಗೆಮನೆಯ ಮೊದಲ ಪಾಠ. ಕಲ್ಕತ್ತೆಯ ಯಹೂದಿ ಮನೆಗಳಲ್ಲಿ ಮುಸ್ಲಿಂ ಬಾಣಸಿಗರು ಇದೇ ಕಾರಣಕ್ಕೆ ಮೊಸರು-ತುಪ್ಪದ ಬದಲು ತೆಂಗಿನಹಾಲು, ಎಣ್ಣೆ ಹಾಕಿ ಕೋಳಿ ಸಾರು ಕಾಯಿಸುತ್ತಿದ್ದರು. ಮಾಂಸ ತಿಂದ ಮೇಲೆ ಹಾಲಿನದನ್ನು ಮುಟ್ಟಲು ಗಂಟೆಗಟ್ಟಲೆ ಕಾಯಬೇಕು. ನಮ್ಮ ಅಳಿಯ ಮೂಳೆ ಚೀಪಿದ ಬೆರಳನ್ನು ಒರೆಸಿಕೊಳ್ಳುವ ಮುಂಚೆಯೇ ಚೀಸ್‌ಕೇಕ್ ಬಂತು. ಹಬ್ಬದ ಗೌರವಾರ್ಥ ಹಬ್ಬದ ಕಟ್ಟಳೆಗಳನ್ನೆಲ್ಲ ಒಂದೇ ತಟ್ಟೆಯಲ್ಲಿ ಮುರಿದದ್ದಾಯಿತು.

ಮೇಲ್ಮೈ ಕನ್ನಡಿಯಂತಿತ್ತು. ಒಂದು ಬಿರುಕಿಲ್ಲ. ಕಾಕಿಮಾ ‘ನಾನೇ ಮಾಡಿದ್ದು, ಬೆಳಗಿನ ಜಾವ ಎದ್ದು’ ಅಂದರು. ಎದ್ದದ್ದು ನಿಜ. ಹಿಂದಿನ ರಾತ್ರಿ ಫ್ರಿಜ್ಜಿಗೆ ಇಡುವ ತನಕ ‘ಮಾಶಿ ಏನು ಮಾಡಿದ್ದಾಳೋ, ಒಡೆದುಹೋದ್ರೆ ಅವಳನ್ನ ಸುಮ್ಮನೆ ಬಿಡಲ್ಲ’ ಅನ್ನುತ್ತಿದ್ದವರೂ ಅವರೇ. ಕರಾರು ಸರಳವಾಗಿತ್ತು: ಬಿರುಕು ಬಿಟ್ಟರೆ ಮಾಶಿಯದು, ಬಿಡದಿದ್ದರೆ ಕಾಕಿಮಾರದು.

ಅಳಿಯ ಒಂದು ತುಂಡು ಬಾಯಿಗಿಟ್ಟು ಕಣ್ಣರಳಿಸಿದ. ‘ವಾಹ್ ಮಾ! ಯಾವ ಬೇಕರಿಯದು?’

ಮೇಜಿನ ಸುತ್ತ ಎಲ್ಲರೂ ತಣ್ಣಗಾದರು. ಪಾಪ, ಅವನಿಗೆ ಗೊತ್ತಿದ್ದ ಅತ್ಯುನ್ನತ ಹೊಗಳಿಕೆ ಅದು. ಮನೆಯಲ್ಲಿ ಮಾಡಿದ್ದು ಅಂಗಡಿಯದರ ಹಾಗಿದ್ದರೆ ಚೆನ್ನ. ಅಂಗಡಿಯದು ಮನೆಯದರ ಹಾಗಿದ್ದರೆ ಇನ್ನೂ ಚೆನ್ನ, ಅದಕ್ಕೆ ದುಡ್ಡೂ ಜಾಸ್ತಿ. ಬಾಲಿಗಂಜಿನ ಹೋಮ್ ಬೇಕರ್‌ಗಳು ಬದುಕಿರುವುದೇ ಈ ಸಂದಿಯಲ್ಲಿ. ಅವರ ಪೆಟ್ಟಿಗೆ ಮೇಲೆ ‘ಪ್ರೀತಿಯಿಂದ, ಮನೆಯಲ್ಲಿ’ ಅಂತಲೂ ಇರುತ್ತದೆ, ಕೆಳಗೆ ಎಫ್‌ಎಸ್‌ಎಸ್‌ಎಐಯ ಹದಿನಾಲ್ಕು ಅಂಕಿಯ ನೋಂದಣಿ ಸಂಖ್ಯೆಯೂ ಇರುತ್ತದೆ. ಪ್ರೀತಿಗೆ ಸರ್ಕಾರಿ ನಂಬರು. ನಮ್ಮ ಬೀದಿಯ ಮಾರವಾಡಿ, ಗುಜರಾತಿ ಮನೆಗಳಿಗಾಗಿ ಅವರು ಮೊಟ್ಟೆಯಿಲ್ಲದ್ದು, ಜೆಲಾಟಿನ್ ಇಲ್ಲದೆ ಚೈನಾ ಗ್ರಾಸ್ ಹಾಕಿದ್ದು ಮಾಡುತ್ತಾರೆ. ಜೈನರಿಗೂ ಯಹೂದಿಗಳಿಗೂ ಒಂದೇ ಪೆಟ್ಟಿಗೆಯಲ್ಲಿ ಸಮಾಧಾನ. ಧರ್ಮಗಳ ಸಮನ್ವಯ ಆಗಬೇಕಾದ ಕಡೆ ಸದ್ದಿಲ್ಲದೆ ಆಗುತ್ತಿದೆ.

ಹಾಗಾದರೆ ಮನೆಯಲ್ಲಿ ಮಾಡಿದ ಕೇಕಿಗೂ ಕೊಂಡ ಕೇಕಿಗೂ ವ್ಯತ್ಯಾಸವೇ ಇಲ್ಲವೇ? ನಮ್ಮ ಕಟ್ಟಡದಲ್ಲಿ ಇದೆ. ಇಲ್ಲಿ ಎರಡು ಲಿಫ್ಟ್. ಕನ್ನಡಿ ಇರುವುದು ಮನೆಯವರಿಗೆ. ಕಸದ ಡಬ್ಬಿ, ಗ್ಯಾಸ್ ಸಿಲಿಂಡರು, ಡೆಲಿವರಿ ಹುಡುಗರು, ಮಾಶಿಯರಿಗೆ ಹಿಂದಿನದು. ಕೊಂಡ ಚೀಸ್‌ಕೇಕ್ ಹಿಂದಿನ ಲಿಫ್ಟಿನಲ್ಲಿ ಮೇಲೆ ಬರುತ್ತದೆ. ಮನೆಯಲ್ಲಿ ಮಾಡಿದ್ದು ಮುಂದಿನ ಲಿಫ್ಟಿನಲ್ಲಿ, ಕಾಕಿಮಾರ ಕೈಯಲ್ಲಿ, ಜರಿ ಕರವಸ್ತ್ರ ಹೊದ್ದು ಪಕ್ಕದ ಮಹಡಿಗಳಿಗೆ ಹೋಗುತ್ತದೆ. ಅದನ್ನು ಮಾಡಿದವಳು ಅದೇ ಹೊತ್ತಿಗೆ ಹಿಂದಿನ ಲಿಫ್ಟಿನಲ್ಲಿ ಇಳಿಯುತ್ತಿರುತ್ತಾಳೆ.

ಶಾವುವೋತ್ ಅಂದರೆ ಸಿನೈ ಬೆಟ್ಟದಲ್ಲಿ ಧರ್ಮಶಾಸ್ತ್ರ ಸಿಕ್ಕ ದಿನ ಅಂದೆನಲ್ಲ. ಕೇಕಿನ ಪಾಕವಿಧಾನ ಓದುವವರು ಅದರ ಜೊತೆಗಿನ ವಿಧಿಯನ್ನೂ ಒಮ್ಮೆ ಕಣ್ಣಾಡಿಸಿದರೆ ಸ್ವಲ್ಪ ಮುಜುಗರವಾದೀತು. ಸಬ್ಬತ್ತು ಎಂಬ ವಾರದ ವಿಶ್ರಾಂತಿ ದಿನದ ಆಜ್ಞೆ, ಆ ದಿನ ನೀನು ಮಾತ್ರವಲ್ಲ ನಿನ್ನ ಆಳೂ ನಿನ್ನ ಕೆಲಸದವಳೂ ದುಡಿಯಬಾರದು ಅನ್ನುತ್ತದೆ. ಈ ಹಬ್ಬದಲ್ಲಿ ಓದುವುದು ರೂತಳ ಕಥೆ: ಪರದೇಶದ ಬಡ ಹೆಂಗಸು, ಗಂಡ ಸತ್ತವಳು, ಬೇರೆಯವರ ಹೊಲದಲ್ಲಿ ಉದುರಿದ ತೆನೆ ಆಯ್ದು ಅತ್ತೆಯನ್ನು ಸಾಕಿದವಳು. ಹೊಲದ ಮೂಲೆಯ ಪೈರನ್ನು ಬಡವರಿಗೂ ಪರಕೀಯರಿಗೂ ಬಿಡಬೇಕೆಂಬ ಕಟ್ಟಳೆ ಧರ್ಮಗ್ರಂಥದಲ್ಲಿ ಬರುವುದೂ ಇದೇ ಹಬ್ಬದ ಮಾತಿನ ಬೆನ್ನಿಗೇ. ಕಾಕಿಮಾ ಬಿಟ್ಟದ್ದೂ ಮೂಲೆಯೇ. ಹನ್ನೆರಡು ತುಂಡು ಮಾಡಿದ ದುಂಡನೆಯ ಕೇಕಿಗೆ ಮೂಲೆ ಇರುವುದಿಲ್ಲ, ಹಾಗಾಗಿ ಟಿನ್ನಿನ ಬದಿಗೆ ಅಂಟಿದ್ದನ್ನು ಚಮಚದಲ್ಲಿ ಕೆರೆದು ಮಾಶಿಯ ಸ್ಟೀಲ್ ಬಟ್ಟಲಿಗೆ ಹಾಕಿದ್ದರು.

ಇನ್ನು ಹತ್ತನೆಯ ಆಜ್ಞೆ. ನೆರೆಯವನ ಮನೆ, ಹೆಂಡತಿ, ಎತ್ತು, ಕತ್ತೆಗಳ ಜೊತೆಗೆ ನೆರೆಯವನ ಕೆಲಸದವಳ ಮೇಲೂ ಕಣ್ಣು ಹಾಕಬಾರದು ಅಂತ ಅದರಲ್ಲಿ ಬಿಡಿಸಿ ಹೇಳಿದೆ. ಮೂರು ಸಾವಿರ ವರ್ಷದ ಹಿಂದೆಯೇ ಬಾಲಿಗಂಜಿನ ಅಪಾರ್ಟ್‌ಮೆಂಟುಗಳ ಬಗ್ಗೆ ಯಾರೋ ಸರಿಯಾಗಿ ಮಾಹಿತಿ ಕೊಟ್ಟಿದ್ದಾರೆ. ಇಲ್ಲಿ ಎತ್ತು-ಕತ್ತೆಗಳ ಕಾಟವಿಲ್ಲ, ಕಾರುಗಳಂತೂ ಎಲ್ಲರ ಹತ್ತಿರ ಇವೆ. ಜಗಳವಾಗಿ ಎರಡು ಮನೆ ಮಾತು ಬಿಡುವುದು ಅಡುಗೆಯವಳನ್ನು ಒಲಿಸಿಕೊಂಡು ಹೋದ ಕಾರಣಕ್ಕೆ ಮಾತ್ರ.

ಹಬ್ಬದ ಸಂಜೆ ನಡೆದದ್ದು ಗೇಟಿನ ದರವಾನ ಹೇಳಿದ್ದು. ಐದನೇ ಮಹಡಿಯ ಭಾಭಿ, ಚೀಸ್‌ಕೇಕನ್ನು ನೋಡಿ ಹೊಗಳಿ, ಮೊಟ್ಟೆ ಇದೆಯೆಂದು ತಿನ್ನದೆ ಹೋದವರು, ಈ ಕಟ್ಟಡಕ್ಕೆ ಬಂದ ಮೇಲೆ ಮೊದಲ ಬಾರಿಗೆ ಹಿಂದಿನ ಲಿಫ್ಟ್ ಹತ್ತಿದರು. ಒಳಗೆ ಮಾಶಿಯೂ ಎರಡು ಕಸದ ಡಬ್ಬಿಗಳೂ ಇದ್ದವು. ಮೂರನೇ ಮಹಡಿಯಿಂದ ಕೆಳಗೆ ಬರುವಷ್ಟರಲ್ಲಿ ಸಂಬಳದ ಮಾತು ಮುಗಿದಿತ್ತು. ಬಾಗಿಲು ತೆರೆದಾಗ ದರವಾನನ ಕಿವಿಗೆ ಬಿದ್ದದ್ದು ಮಾಶಿಯ ಕೊನೆಯ ಮಾತು ಮಾತ್ರ. ಕ್ಯಾನಿಂಗ್ ಗಾಡಿಗೆ ಹೊತ್ತಾಯಿತೆಂದು ಅವಳಾಗಲೇ ಚಪ್ಪಲಿ ಮೆಟ್ಟಿದ್ದಳು.

‘ಮೊಟ್ಟೆ ಇಲ್ದೇ ಮಾಡಿದ್ರೆ ತಿಂಗಳಿಗೆ ಇನ್ನೂರು ಜಾಸ್ತಿ ಭಾಭಿ. ಬಿರುಕು ಬಿಟ್ರೂ ಅಷ್ಟೇ, ಬಿಡದಿದ್ರೂ ಅಷ್ಟೇ.’